ಹದಿನೈದನೇ ಹಾಳೆ

ಕಮರುನ್ನೀಸಾ ತರಕಾರಿ ಕೊಳ್ಳುವಾಗಲೂ ಅಲ್ಪವಿರಾಮ, ಪೂರ್ಣವಿರಾಮ ಹೇಳುತ್ತಾಳೆ ಎಂದು ಮಗಳು ಮೆಹ್ವಿಶ್ ರೇಗಿಸುವುದುಂಟು. ಪೂರ್ತಿ ಸುಳ್ಳೇನಲ್ಲ. ನಲವತ್ತು ವರ್ಷ ಒಂದೇ ಕೆಲಸ ಮಾಡಿದರೆ ಅದು ಮೈಗೆ ಹತ್ತಿಬಿಡುತ್ತದೆ. ಕೈಗೆ ಮದುವೆ ಕಾರ್ಡು ಬಂದರೆ ಜನ ಹುಡುಗ ಹುಡುಗಿಯ ಹೆಸರು ನೋಡುತ್ತಾರೆ. ಇವಳು ತಾರೀಖಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತಾಳೆ. ಆಗದಿದ್ದರೆ ಮದುವೆಮನೆಗೆ ಫೋನು ಮಾಡಿ ಹೇಳುತ್ತಾಳೆ, ಬೈಸಿಕೊಳ್ಳುತ್ತಾಳೆ.

ಅವಳ ಕೆಲಸ ‘ವಾದಸಾರ’ದಲ್ಲಿ. ಖಾಕಿ ರಟ್ಟಿನ ಈ ಮಾಸಪತ್ರಿಕೆಯನ್ನು ಹಲಸೂರಿನ ವಕೀಲ ಚಿಕ್ಕವೆಂಕಟಪ್ಪನವರು 1974ರಲ್ಲಿ ಶುರುಮಾಡಿದರು. ದೊಡ್ಡ ಕೋರ್ಟುಗಳ ಇಂಗ್ಲಿಷ್ ತೀರ್ಪುಗಳನ್ನು ಕನ್ನಡಕ್ಕೆ ತಂದು ತಾಲ್ಲೂಕು ಕೋರ್ಟಿನ ವಕೀಲರಿಗೆ ಮುಟ್ಟಿಸುವುದು ಅದರ ಉದ್ದೇಶ. ಹೊಸಕೋಟೆ, ಮಾಲೂರು, ಕೋಲಾರದ ವಕೀಲರು ಅದನ್ನು ಕಪ್ಪು ಕೋಟಿನ ಜೇಬಿಗೆ ತುರುಕಿಕೊಂಡೇ ಕಟಕಟೆಯ ಮುಂದೆ ನಿಲ್ಲುತ್ತಿದ್ದರು. ಕಚೇರಿ ಇರುವುದು ಶಿವಾಜಿನಗರದಲ್ಲಿ, ಹಳೆ ಕಾರಿನ ಬಿಡಿಭಾಗ ಮಾರುವ ಅಂಗಡಿಯ ಮಹಡಿ ಮೇಲೆ. ಹತ್ತುವುದಕ್ಕೆ ಮರದ ಮೆಟ್ಟಿಲು. ನಾಲ್ಕನೇ ಮೆಟ್ಟಿಲು ಕಾಲಿಟ್ಟರೆ ಕಿರುಗುಟ್ಟುತ್ತದೆ.

1984ರಲ್ಲಿ ಇಪ್ಪತ್ತೆರಡರ ಕಮರುನ್ನೀಸಾ ಅಲ್ಲಿಗೆ ಕಾಪಿ ಓದುವವಳಾಗಿ ಸೇರಿದಳು. ಮನೆಯಲ್ಲಿ ದಖನಿ, ಹಲಸೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ. ತುರುಕರ ಹುಡುಗಿಗೆ ಇಷ್ಟು ಚೊಕ್ಕ ಕನ್ನಡ ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ಅವಳು, ನಿಮಗೆ ಬಂದ ಕಡೆಯಿಂದಲೇ, ಎನ್ನುತ್ತಿದ್ದಳು. ಆಗ ಪ್ರೂಫ್ ನೋಡುವುದಕ್ಕೆ ಇಬ್ಬರು ಬೇಕಿತ್ತು. ಒಬ್ಬರು ಮೂಲ ಹಾಳೆಯನ್ನು ಗಟ್ಟಿಯಾಗಿ ಓದಬೇಕು, ಚಿಹ್ನೆಗಳನ್ನೂ ಬಿಡದೆ. ಇನ್ನೊಬ್ಬರು ಎದುರು ಕೂತು, ಅಚ್ಚಾಗಿ ಬಂದ ಕರಡಿನ ಮೇಲೆ ಕಣ್ಣು ಓಡಿಸಬೇಕು. ಹೊಸ ಹಾಳೆ ಮಗುಚಿದಾಗಲೆಲ್ಲ ಅದರ ನಂಬರನ್ನು ಬಾಯಿಬಿಟ್ಟು ಹೇಳಲೇಬೇಕು. ಅದು ಚಿಕ್ಕವೆಂಕಟಪ್ಪನವರ ಕಟ್ಟಪ್ಪಣೆ.

ಎದುರು ಕೂರುತ್ತಿದ್ದವರು ಅಕ್ತರ್ ಸಾಹೇಬರು. ಅವಳಿಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ. ತಪ್ಪು ಸಿಕ್ಕಿದರೆ ಬಾಯಿ ಬಿಡುತ್ತಿರಲಿಲ್ಲ. ಕೆಂಪು ನೀಲಿ ಪೆನ್ಸಿಲಿನ ಹಿಂಬದಿಯಿಂದ ಮೇಜಿಗೆ ಒಂದು ಸಲ ತಟ್ಟುತ್ತಿದ್ದರು. ಟಕ್. ಅವಳು ನಿಲ್ಲಿಸಬೇಕು. ಕೊನೆಯ ಪುಟ ಮುಗಿದು ಎಲ್ಲ ಸರಿಯಿದೆ ಎಂದಾದರೆ ಎರಡು ಸಲ. ಟಕ್ ಟಕ್. ಆಮೇಲೆ ಸಹಿ ಹಾಕಿ, ಕೊಡೆ ಎತ್ತಿಕೊಂಡು ಹೊರಟೇಬಿಡುವರು. ಎರಡು ತಟ್ಟಿದ ಮೇಲೆ ಅವರನ್ನು ಯಾರೂ ಒಂದು ನಿಮಿಷ ಕೂರಿಸಿಕೊಂಡದ್ದಿಲ್ಲ. ಅವರು ಕೂರುವ ಕಡೆ ತೇಗದ ಮೇಜಿನ ಅಂಚು ಸಿಡುಬು ಎದ್ದ ಮುಖದ ಹಾಗೆ ಗುಳಿಗುಳಿಯಾಗಿತ್ತು.

1996ರ ಜುಲೈ ಸಂಚಿಕೆಯಲ್ಲಿ ಒಂದು ಜಮೀನಿನ ತೀರ್ಪು ಇತ್ತು. ಸರ್ಕಾರ ಜಮೀನು ಹಿಡಿಯಲು ನೋಟಿಸು ಕೊಟ್ಟರೆ ಮೂವತ್ತು ದಿನದೊಳಗೆ ತಕರಾರು ಹಾಕಬೇಕು ಎನ್ನುವುದು ಅದರ ಒಂದು ಭಾಗ. ನೋಟಿಸು ಕೈಗೇ ಸೇರದವರಿಗೆ ವಿಷಯ ತಿಳಿದ ದಿನದಿಂದ ಮೂವತ್ತು ದಿನ ಎನ್ನುವುದು ಇನ್ನೊಂದು ಭಾಗ. ಆ ಎರಡನೆಯ ಭಾಗ ಇದ್ದದ್ದು ಹದಿನೈದನೇ ಹಾಳೆಯಲ್ಲಿ. ಯಾವುದೋ ಚೀಟಿ ಅಂಟಿಸುವಾಗ ಸೋರಿದ ಗೋಂದಿನಿಂದ ಹದಿನೈದನೇ ಹಾಳೆ ಹದಿನಾಲ್ಕರ ಬೆನ್ನಿಗೆ ಅಂಟಿಕೊಂಡಿತ್ತು. ಅಚ್ಚಿನ ಮೊಳೆ ಜೋಡಿಸುವ ಪೀರಪ್ಪ ಅದನ್ನು ನೋಡದೆ ಬಿಟ್ಟ. ಕಮರುನ್ನೀಸಾ ಓದುವಾಗಲೂ ಎರಡು ಹಾಳೆ ಒಟ್ಟಿಗೇ ಮಗುಚಿಕೊಂಡವು. ಅವತ್ತು ಅವಳ ಮನಸ್ಸು ಮನೆಯಲ್ಲಿತ್ತು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ, ನಾಲ್ಕು ವರ್ಷದ ಮೆಹ್ವಿಶ್‌ಗೆ ಮೂರು ದಿನದಿಂದ ಜ್ವರ, ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಐದಕ್ಕೆ.

ಎಂಟು ತಿಂಗಳ ಮೇಲೆ ಕೋಲಾರದ ವಕೀಲರೊಬ್ಬರು ಮೂಲ ತೀರ್ಪು ತಂದು ಮೇಜಿನ ಮೇಲೆ ಹಾಕಿದರು. ಅಷ್ಟರಲ್ಲಿ ಕೆ.ಆರ್. ಪುರದ ಹತ್ತಿರದ ದೊಡ್ಡಮುನಿಯಮ್ಮ ಎಂಬಾಕೆಗೆ ಅವಳ ವಕೀಲ ‘ವಾದಸಾರ’ ತೋರಿಸಿ, ನಿನ್ನ ಟೈಮ್ ಮುಗಿದುಹೋಗಿದೆಯಮ್ಮ ಎಂದು ಹೇಳಿ ಕಳಿಸಿಯಾಗಿತ್ತು. ಆಕೆಗೆ ನೋಟಿಸೇ ಬಂದಿರಲಿಲ್ಲ. ಒಂದೂವರೆ ಎಕರೆ ಸೊಪ್ಪಿನ ತೋಟ ಹೋಯಿತು.

ಚಿಕ್ಕವೆಂಕಟಪ್ಪನವರು ಹಳೆಯ ಕಟ್ಟು ತರಿಸಿ, ಅಂಟಿದ ಹಾಳೆಯನ್ನು ತಾವೇ ಬಿಡಿಸಿದರು. “ಯಾರು ಓದಿದ್ದು?” ಎಂದು ಕೇಳಿದರು. ಕಮರುನ್ನೀಸಾ ಬಾಗಿಲ ಹತ್ತಿರ ನಿಂತಿದ್ದಳು. 

ಅಕ್ತರ್ ಸಾಹೇಬರು ಅವಳ ಕಡೆ ತಿರುಗದೆಯೇ ಹೇಳಿದರು: “ಅವತ್ತು ಆ ಹುಡುಗಿ ಇರ್ಲಿಲ್ಲ ಸಾರ್. ಮಗೂಗೆ ಹುಷಾರಿಲ್ಲ ಅಂತ ಬೇಗ ಮನೇಗೆ ಕಳಿಸಿದ್ದೆ. ನಾನೊಬ್ನೇ ನೋಡ್ಕೊಂಡೆ.”

ಅವಳು ತುಟಿಪಿಟಿಕ್ ಎನ್ನಲಿಲ್ಲ. ಅವಳನ್ನು ಬೈಯುವುದು ಸುಲಭ. ಒಂಟಿ ಹೆಂಗಸು, ಸಣ್ಣ ಮಗು, ಆ ಸಂಬಳ ಬಿಟ್ಟರೆ ಬೇರೆ ಗತಿಯಿಲ್ಲ. ಆದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಸಾಹೇಬರು ಅವತ್ತೇ ಕೊಡೆ ಎತ್ತಿಕೊಂಡು ಇಳಿದರು. ಮುಂದಿನ ತಿಂಗಳು ಅವರ ಕುರ್ಚಿಯಲ್ಲಿ ಯಾರು ಕೂತರೆಂದರೆ, ಕಮರುನ್ನೀಸಾ.

ಸಾಹೇಬರು ರಸೆಲ್ ಮಾರ್ಕೆಟ್ಟಿನ ಹಿಂದೆ ನೋಟ್‌ಬುಕ್ಕು ಹೊಲಿಯುವ ಅಂಗಡಿಯಲ್ಲಿ ಕೆಲಸ ಹಿಡಿದರು. ಅವಳು ಆ ಗಲ್ಲಿ ಬಿಟ್ಟು ಸುತ್ತು ಹಾಕಿಕೊಂಡು ಓಡಾಡಿದಳು. ಎರಡು ವರ್ಷದ ನಂತರ ಹಬ್ಬದ ಹಿಂದಿನ ದಿನ, ಬಳೆ ಅಂಗಡಿಗಳ ನೂಕುನುಗ್ಗಲಿನಲ್ಲಿ ಇಬ್ಬರೂ ಎದುರುಬದುರಾದರು. ಅವಳು ತಲೆ ತಗ್ಗಿಸಿದಳು. ಅವರು, “ಬಚ್ಚೀ ಹೇಗಿದಾಳೆ ಕಮರ್? ಜ್ವರ ಬಿಡ್ತಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋದರು. ಹೆಚ್ಚುಕಡಿಮೆ ಮೂರು ವರ್ಷದ ಹಿಂದಿನ ಜ್ವರ! ಚುಚ್ಚಿದರು ಎಂದುಕೊಂಡಳು. ಚುಚ್ಚಿಸಿಕೊಳ್ಳಲು ತಾನು ಲಾಯಕ್ಕು ಎಂದೂ ಅಂದುಕೊಂಡಳು. ಅದೇ ವರ್ಷ ಕೆ.ಆರ್. ಪುರದ ಸಂತೆಬೀದಿಯಲ್ಲಿ ದೊಡ್ಡಮುನಿಯಮ್ಮನನ್ನು ಗುರುತಿದ್ದವರು ಅವಳಿಗೆ ತೋರಿಸಿದರು. ಬೇರೆಯವರ ತೋಟದ ಸೊಪ್ಪನ್ನು ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದಳು. ಕಮರುನ್ನೀಸಾ ನಾಲ್ಕು ಕಟ್ಟು ದಂಟು ಕೊಂಡಳು. ಮನೆಗೆ ತಂದದ್ದನ್ನು ಬೇಯಿಸಲು ಕೈ ಬರಲಿಲ್ಲ.

2019ರ ಕೊನೆಯಲ್ಲಿ ಅಕ್ತರ್ ಸಾಹೇಬರು ತೀರಿಕೊಂಡರು. ನಲವತ್ತನೇ ದಿನದ ಫಾತೆಹಾಗೆ ಕಮರುನ್ನೀಸಾ ಹೋಗಿ, ಹೆಂಗಸರ ಸಾಲಿನ ತುದಿಯಲ್ಲಿ ಕೂತು ಎರಡು ತುತ್ತು ತಿಂದು ಬಂದಳು. ಮಾರನೆಯ ಬೆಳಿಗ್ಗೆ ಕಚೇರಿಯಲ್ಲಿ ಒಬ್ಬಳೇ ಪ್ರೂಫ್ ಓದುತ್ತಿದ್ದಳು. ಕಂಪ್ಯೂಟರ್ ಬಂದಮೇಲೆ ಕಾಪಿ ಓದುವವರನ್ನು ತೆಗೆದು ಎಷ್ಟೋ ಕಾಲವಾಗಿತ್ತು. ಆದರೂ ಅವಳಿಗೆ ಗಟ್ಟಿಯಾಗಿ ಓದದಿದ್ದರೆ ತಪ್ಪು ಕಾಣುತ್ತಿರಲಿಲ್ಲ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಕೆಳಗೆ ಅಂಗಡಿಯವನು ಸೈಲೆನ್ಸರ್ ಒಂದಕ್ಕೆ ಚೌಕಾಸಿ ಮಾಡುತ್ತಿದ್ದ.

ಟಕ್.

ಅವಳು ನಿಲ್ಲಿಸಿದಳು. ಓದಿದ ಸಾಲನ್ನು ಮತ್ತೆ ನೋಡಿದಳು. ತೀರ್ಪಿನ ತಾರೀಖು ಜೂನ್ 31 ಎಂದಿತ್ತು.

ಆಗ ಕಂಟೋನ್ಮೆಂಟಿನ ನೆಲದಡಿ ಮೆಟ್ರೋ ಸುರಂಗದ ಕೆಲಸ ನಡೆಯುತ್ತಿತ್ತು. ಅದರದೇ ಸದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದು ವಾರ ಆ ಸಮಾಧಾನ ನಡೆಯಿತು. ಜೂನ್ ತಿಂಗಳಿಗೆ ಎಷ್ಟು ದಿನ ಎನ್ನುವುದು ಸುರಂಗ ಕೊರೆಯುವ ಯಂತ್ರಕ್ಕೆ ಹೇಗೆ ಗೊತ್ತಿರಬೇಕು? ವಾದಿ ಪ್ರತಿವಾದಿ ಅದಲುಬದಲಾದರೆ ಟಕ್. ಕಲಮಿನ ನಂಬರು ತಪ್ಪಿದರೆ ಟಕ್. ಸದ್ದು ಬರುತ್ತಿದ್ದದ್ದು ಸಾಹೇಬರ ಕುರ್ಚಿಯ ಕಡೆಯಿಂದಲ್ಲ, ಅಲ್ಲಿ ಅವಳೇ ಕೂತಿದ್ದಳಲ್ಲ. ಎದುರಿನ ಸ್ಟೂಲಿನ ಕಡೆಯಿಂದ. ಹಿಂದೆ ಅವಳು ಕೂತು ಓದುತ್ತಿದ್ದ ಸ್ಟೂಲು.

ತಿಂಗಳು ಕಳೆದು ಒಂದು ಮಧ್ಯಾಹ್ನ ಮೇಜು ಒರೆಸುವಾಗ ಸ್ಟೂಲಿನ ಕಡೆಯ ಅಂಚಿನಲ್ಲಿ ಅವಳ ಬೆರಳು ತಡೆಯಿತು. ಐದಾರು ಸಣ್ಣ ಗುಳಿಗಳು. ಒಳಗಿನ ಮರ ಇನ್ನೂ ಹಸಿಬಣ್ಣದ್ದಾಗಿತ್ತು. ಅವಳು ಬಟ್ಟೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದು, ಜನರ ನಡುವೆ ಅರ್ಧ ಗಂಟೆ ಸುಮ್ಮನೆ ನಿಂತಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೆಹ್ವಿಶ್ ಮೊದಲು ಡಾಕ್ಟರ ಹತ್ತಿರ, ಆಮೇಲೆ ದರ್ಗಾಕ್ಕೆ ಎಳೆದುಕೊಂಡು ಹೋಗುತ್ತಿದ್ದಳು.

ವರ್ಷಗಳು ಹೋದಂತೆ ಹೆದರಿಕೆಗೂ ಅವಳಿಗೂ ಒಂದು ಒಪ್ಪಂದವಾಯಿತು. ಸ್ಟೂಲಿನ ಮೇಲೆ ಚೀಲ ಇಡುವುದನ್ನು ಬಿಟ್ಟಳು. ಆ ಕಡೆಯ ಕಿಟಕಿಯ ಬಿಸಿಲು ಜೋರಾದರೆ ಪರದೆ ಎಳೆದಳು. ನಿಜ ಹೇಳಬೇಕೆಂದರೆ, ತಟ್ಟು ಕೇಳದ ದಿನ ಅವಳಿಗೆ ಬೇಜಾರಾಗುತ್ತಿತ್ತು. ಒಂದೇ ಒಂದು ಸಂಗತಿ ಮಾತ್ರ ಮನಸ್ಸನ್ನು ಕೊರೆಯುತ್ತಿತ್ತು. ಪುಟ ಎಷ್ಟೇ ಶುದ್ಧವಾಗಿರಲಿ, ಸಂಚಿಕೆ ಮುಗಿದೇ ಹೋಗಲಿ, ಐದು ವರ್ಷದಲ್ಲಿ ಎರಡು ತಟ್ಟು ಒಂದು ಸಲವೂ ಬಂದಿರಲಿಲ್ಲ. ಏನೋ ಬಾಕಿ ಉಳಿದಿತ್ತು. ಏನೆಂದು ಅವಳಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

2024ರಲ್ಲಿ ಪತ್ರಿಕೆಗೆ ಐವತ್ತು ತುಂಬಿತು. ಚಿಕ್ಕವೆಂಕಟಪ್ಪನವರು ಹೋಗಿ ಬಹಳ ವರ್ಷವಾಗಿ, ಈಗ ಮೊಮ್ಮಗಳು ರಮ್ಯಶ್ರೀ ಸಂಪಾದಕಿ. ಅವಳೂ ವಕೀಲೆ, ಚುರುಕು, ಒಳ್ಳೆಯ ಮನಸ್ಸು. ಐವತ್ತರ ವಿಶೇಷ ಸಂಚಿಕೆಯೇ ಕೊನೆಯ ಅಚ್ಚು. ಆಮೇಲೆ ಎಲ್ಲ ಮೊಬೈಲಿನಲ್ಲಿ, ಕಚೇರಿ ಇಂದಿರಾನಗರಕ್ಕೆ. ಆ ಸಂಚಿಕೆಗೆ ರಮ್ಯಶ್ರೀ ‘ವಾದಸಾರದ ಐವತ್ತು ವರ್ಷ’ ಎಂದು ಪತ್ರಿಕೆಯ ಚರಿತ್ರೆ ಬರೆದಿದ್ದಳು. ಕೊನೆಯ ಪುಟದಲ್ಲಿ ಕಮರುನ್ನೀಸಾಳ ಫೋಟೋ, ಕೆಳಗೆ ‘ನಲವತ್ತು ವರ್ಷ, ಒಂದೂ ತಪ್ಪು ಬಿಡದ ಕಣ್ಣು’ ಎಂಬ ಸಾಲು. ಮೆಹ್ವಿಶ್ ಆಗಲೇ ಕಮ್ಮನಹಳ್ಳಿಯ ತನ್ನ ಬೀದಿಗೆಲ್ಲ ಡಂಗುರ ಹೊಡೆದಿದ್ದಳು.

ಬೆಳಿಗ್ಗೆ ಹನ್ನೊಂದಕ್ಕೆ ಕಮರುನ್ನೀಸಾ ಚರಿತ್ರೆ ಓದಲು ಕೂತಳು. “ಮೊದಲ ಸಂಚಿಕೆ ಸಾವಿರ ಪ್ರತಿ ಅಚ್ಚಾಯಿತು ಪೂರ್ಣವಿರಾಮ.” ಟಕ್. ಮುನ್ನೂರು ಎಂದು ಸಾಹೇಬರು ಯಾವಾಗಲೋ ಹೇಳಿದ್ದು ನೆನಪಾಗಿ ತಿದ್ದಿದಳು. “ಒಂದು ತಿಂಗಳೂ ಪತ್ರಿಕೆ ನಿಂತದ್ದಿಲ್ಲ.” ಟಕ್. ಕಾಗದ ಸಿಗದೆ ಎರಡು ಸಂಚಿಕೆ ಸೇರಿಸಿ ತಂದ ವರ್ಷವನ್ನು ಬರೆದಳು. ಅವಳಿಗೆ ನಗು ಕೂಡ ಬಂತು. ಸತ್ತಮೇಲೂ ಈ ಮನುಷ್ಯನಿಗೆ ದಾಕ್ಷಿಣ್ಯ ಇಲ್ಲ. ಆಮೇಲೆ ಐದನೇ ಪುಟ ಬಂತು.

“1996ರಲ್ಲಿ ನಿಯಮ ಮೀರಿ ಒಬ್ಬರೇ ಕರಡು ನೋಡಿದ ಅಕ್ತರ್ ಎಂಬ ನೌಕರರ ಬೇಜವಾಬ್ದಾರಿಯಿಂದ ಪತ್ರಿಕೆಗೆ ಕಳಂಕ ತಟ್ಟಿತು ಅಲ್ಪವಿರಾಮ ಅವರನ್ನು ತೆಗೆದುಹಾಕಿ…”

ಟಕ್. ಈ ಸಲ ಮೇಜಿನ ಮೇಲಿನ ಗಾಜಿನ ಲೋಟ ನಡುಗಿತು.

ಅವಳು ಕಣ್ಣು ಮುಚ್ಚಿಕೊಂಡಳು. ಇದು ಚರಿತ್ರೆ, ಒಮ್ಮೆ ಅಚ್ಚಾದರೆ ಮುಗಿಯಿತು. ಆಮೇಲೆ ತಪ್ಪೊಪ್ಪಿಗೆ ಹಾಕಲು ಮುಂದಿನ ಸಂಚಿಕೆಯೇ ಇಲ್ಲ. ತಿದ್ದಿದರೆ ಸಾಹೇಬರ ಹೆಸರು ಉಳಿಯುತ್ತದೆ, ತನ್ನದು ಹೋಗುತ್ತದೆ, ಮಗಳ ಮುಂದೆ ಕೂಡ. ಇನ್ನೂ ಒಂದಿತ್ತು, ಅದನ್ನು ಅವಳು ಯಾರಿಗೂ ಹೇಳಲಾರಳು. ತಿದ್ದಿದರೆ ಎರಡು ತಟ್ಟು ಬರುತ್ತದೆ. ಬಂದರೆ ಅವರು ಹೊರಟುಹೋಗುತ್ತಾರೆ.

ಮಧ್ಯಾಹ್ನ ರಮ್ಯಶ್ರೀ ಪುಟಗಳಿಗಾಗಿ ಬಂದಳು. ಸ್ಟೂಲಿನ ಮೇಲೆ ಕೂರಲು ಹೋದವಳನ್ನು ಕಮರುನ್ನೀಸಾ ತಡೆದು, ಬೇರೆ ಕುರ್ಚಿ ಕೊಟ್ಟು, 1996ರ ವಿಷಯ ಪೂರ್ತಿ ಹೇಳಿದಳು. ಇಪ್ಪತ್ತೆಂಟು ವರ್ಷ ಕಟ್ಟಿಟ್ಟ ಮಾತು ಹತ್ತು ನಿಮಿಷದಲ್ಲಿ ಮುಗಿದುಹೋಯಿತು.

ರಮ್ಯಶ್ರೀ ಐದನೇ ಪುಟ ಎಳೆದುಕೊಂಡು ಆ ಸಾಲಿನ ಮೇಲೆ ಕಣ್ಣಾಡಿಸಿದಳು. “ಆಂಟಿ, ಬಿಟ್ಬಿಡಿ ಇದನ್ನ. ಆ ಲೈನ್ ತಾತನ ಡೈರೀಲಿರೋದು. ಈಗ ಬೇರೆ ಥರ ಬರೆದ್ರೆ ತಾತ ತಪ್ಪು ಮಾಡಿದ್ರು ಅಂತಾಗುತ್ತೆ. ನಿಮ್ಮ ಫೋಟೋನೂ ತೆಗೀಬೇಕಾಗುತ್ತೆ. ಆ ಮನುಷ್ಯನೂ ಇಲ್ಲ, ಯಾರು ಕೇಳ್ತಾರೆ?”

“ಕೇಳ್ತಾರೆ ಮೇಡಂ,” ಎಂದಳು ಕಮರುನ್ನೀಸಾ. ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆ ಸಾಲನ್ನು ಗಟ್ಟಿಯಾಗಿ ಓದಿದಳು.

ಟಕ್.

“ಯಾಕಾಂಟಿ ಮೇಜು ತಟ್ತೀರಾ?” ಎಂದ ರಮ್ಯಶ್ರೀ, ಅವಳ ಎರಡೂ ಕೈ ಹಾಳೆಯ ಮೇಲಿರುವುದನ್ನು ನೋಡಿದಳು. ಆಮೇಲೆ ಸ್ಟೂಲನ್ನು ನೋಡಿದಳು.  “ನಿಮ್ಗೆ ಹೇಗೆ ಸರಿ ಅನ್ಸುತ್ತೋ ಹಾಗೆ ತಿದ್ದಿ ಆಂಟಿ. ಹಾಗೇ ಹಾಕ್ತೀನಿ,” ಎಂದವಳೇ ಎದ್ದು, ಹೆಲ್ಮೆಟ್ಟನ್ನು ಅಲ್ಲೇ ಮರೆತು, ಮೆಟ್ಟಿಲು ಇಳಿದುಬಿಟ್ಟಳು.

ಕಮರುನ್ನೀಸಾ ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ ಬರೆದು, ಓದಿದಳು: “ಅವತ್ತು ಕಾಪಿ ಓದಿದವಳು ಕಮರುನ್ನೀಸಾ. ಎರಡು ಹಾಳೆ ಒಟ್ಟಿಗೆ ಮಗುಚಿದವಳು ಅವಳೇ. ತಪ್ಪು ಅವಳೊಬ್ಬಳದು.” ಓದಿ, ಎರಡು ತಟ್ಟಿಗಾಗಿ ಉಸಿರು ಹಿಡಿದು ಕಾದಳು.

ಟಕ್. ಒಂದೇ.

ಅವಳಿಗೆ ಅರ್ಥವಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾಗದಿದ್ದರೆ ಸಾಲನ್ನು ತುಂಡು ಮಾಡಿ ಓದು ಎಂದು ಸಾಹೇಬರೇ ಕಲಿಸಿದ್ದರು. ಹಾಗೆಯೇ ಓದಿದಳು. “ಕಾಪಿ ಓದಿದವಳು ಕಮರುನ್ನೀಸಾ.” ಸದ್ದಿಲ್ಲ. “ಎರಡು ಹಾಳೆ ಒಟ್ಟಿಗೆ ಮಗುಚಿದವಳು ಅವಳೇ.” ಸದ್ದಿಲ್ಲ. “ತಪ್ಪು ಅವಳೊಬ್ಬಳದು.”

ಟಕ್.

“ಇನ್ಯಾರದು ಭಾಯ್? ನಾನೇ ಅಲ್ವಾ ಓದಿದ್ದು?” ಎಂದು ಬಾಯಿಬಿಟ್ಟು ಕೇಳಿದಳು. ಐದು ವರ್ಷದಲ್ಲಿ ಆ ಸ್ಟೂಲಿನೊಂದಿಗೆ ಅವಳು ಮಾತಾಡಿದ್ದು ಅದೇ ಮೊದಲು.  ಆಗ ಅವಳು ಆ ಮಧ್ಯಾಹ್ನವನ್ನು ಪ್ರೂಫ್ ನೋಡುವಂತೆ ಮೊದಲಿನಿಂದ ನೋಡಿಕೊಂಡು ಬಂದಳು. ಹಾಳೆ ಹದಿಮೂರು ಎಂದಿದ್ದೆ. ಹಾಳೆ ಹದಿನಾಲ್ಕು ಎಂದಿದ್ದೆ. ಆಮೇಲೆ? ನಂಬರು ಹೇಳದೆ ಮಗುಚಿದೆ ಎಂದು ಇಷ್ಟು ವರ್ಷ ನಂಬಿದ್ದಳು. ಆದರೆ ನಂಬರು ಹೇಳದೆ ಅವಳು ಯಾವತ್ತು ಹಾಳೆ ಮಗುಚಿದ್ದಳು?

“ಹಾಳೆ ಹದಿನಾರು,” ಎಂದಳು ನಿಧಾನವಾಗಿ.

ಹೇಳಿದ್ದಳು. ಹದಿನಾಲ್ಕರ ನಂತರ ಹದಿನಾರು ಎಂದು ಸ್ಪಷ್ಟವಾಗಿ ಹೇಳಿದ್ದಳು. ಸಾಹೇಬರು ಪೆನ್ಸಿಲು ಎತ್ತಿದ್ದರು. ತಲೆಯೆತ್ತಿ ಅವಳ ಮುಖ ನೋಡಿದ್ದರು, ಆಮೇಲೆ ಗೋಡೆಯ ಗಡಿಯಾರ ನೋಡಿದ್ದರು. ನಾಲ್ಕಕ್ಕೆ ಹತ್ತು ನಿಮಿಷ. ಟೈಪು ಮಾಡುವವನು ನಂಬರು ಹಾರಿಸಿರಬೇಕು ಎಂದುಕೊಂಡರೋ ಏನೋ, ಪೆನ್ಸಿಲು ತಟ್ಟದೆ ಹಾಗೇ ಕೆಳಗಿಳಿಯಿತು. ಇನ್ನೆರಡು ಹಾಳೆ ಮುಗಿದದ್ದೇ ಟಕ್ ಟಕ್ ಎಂದು, “ಓಡು, ಬಸ್ಸು ಬರುತ್ತೆ” ಎಂದಿದ್ದರು.

ಬಚ್ಚೀ ಹೇಗಿದಾಳೆ ಕಮರ್, ಜ್ವರ ಬಿಡ್ತಾ? ಅವರು ಚುಚ್ಚಿರಲಿಲ್ಲ. ಆ ಒಂದು ಹಾಳೆಗೆ ಬದಲಾಗಿ ಆ ಮಗುವಾದರೂ ಚೆನ್ನಾಗಾಯಿತೇ ಎಂದು ತಿಳಿಯಬೇಕಿತ್ತು, ಅಷ್ಟೇ. ಅವಳು ತಲೆ ತಗ್ಗಿಸಿಕೊಂಡು ಅದನ್ನೂ ಹೇಳಿರಲಿಲ್ಲ. ಕಮರುನ್ನೀಸಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು.

ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ಬರೆದಳು, ಬರೆದದ್ದನ್ನು ಓದಿದಳು. “ನಂಬರು ಹಾರಿದ್ದನ್ನು ಕಮರುನ್ನೀಸಾ ಓದಿದಳು ಅಲ್ಪವಿರಾಮ ಅಕ್ತರ್ ಸಾಹೇಬರು ಕೇಳಿಸಿಕೊಂಡರು ಪೂರ್ಣವಿರಾಮ. ಅವಳ ಮಗುವಿಗೆ ಜ್ವರವಿತ್ತು ಪೂರ್ಣವಿರಾಮ. ತಪ್ಪು ಇಬ್ಬರದು ಅಲ್ಪವಿರಾಮ ಶಿಕ್ಷೆ ಒಬ್ಬರಿಗೆ ಆಯಿತು ಪೂರ್ಣವಿರಾಮ. ಇದರಿಂದ ದೊಡ್ಡಮುನಿಯಮ್ಮ ಎಂಬ ರೈತ ಹೆಂಗಸಿನ ಜಮೀನು ಹೋಯಿತು ಪೂರ್ಣವಿರಾಮ.” ಉಳಿದ ಪುಟಗಳನ್ನೂ ಓದಿದಳು. ಕೊನೆಯ ಪುಟದ ತನ್ನ ಫೋಟೋವನ್ನೂ ಅದರ ಕೆಳಗಿನ ಸಾಲನ್ನೂ ಕೆಂಪು ಪೆನ್ಸಿಲಿನಲ್ಲಿ ಅಡ್ಡ ಹೊಡೆದಳು. ಮೆಹ್ವಿಶ್‌ಗೆ ಸಂಜೆ ಹೇಳಬೇಕು, ಜ್ವರದ ವಿಷಯದಿಂದಲೇ ಶುರುಮಾಡಬೇಕು.

“ಮುಗಿಯಿತು ಭಾಯ್,” ಎಂದಳು. “ಅವಳು ಚೆನ್ನಾಗಿದ್ದಾಳೆ. ಮಾರನೇ ದಿನಕ್ಕೇ ಜ್ವರ ಬಿಡ್ತು.”

ಟಕ್ ಟಕ್.

ಕೆಳಗೆ ಅಂಗಡಿಯವನ ರೇಡಿಯೋ ಹಾಡುತ್ತಿತ್ತು. ಆ ಹಾಡಿನ ನಡುವೆ ನಾಲ್ಕನೇ ಮೆಟ್ಟಿಲು ಒಂದು ಸಲ ಕಿರುಗುಟ್ಟಿದ್ದು ಅವಳಿಗೆ ಕೇಳಿಸಿತು.

ಅವಳು ಸಹಿ ಹಾಕಿದಳು. ಮೇಜಿನ ಎರಡೂ ಅಂಚಿನ ಗುಳಿಗಳ ಮೇಲೆ ಕೈಯಾಡಿಸಿದಳು. ಎದ್ದು ಹೊರಡಬೇಕಿತ್ತು, ಎದ್ದಳು, ಮತ್ತೆ ಕೂತಳು. ಮೊದಲ ಪುಟ ಎತ್ತಿಕೊಂಡು ಗಟ್ಟಿಯಾಗಿ ಓದಿದಳು: “ವಾದಸಾರ ಪತ್ರಿಕೆ 1947ರಲ್ಲಿ ಶುರುವಾಯಿತು ಪೂರ್ಣವಿರಾಮ.” ಕಾದಳು. “ಅದರ ಸಂಸ್ಥಾಪಕರು ಅಕ್ತರ್ ಸಾಹೇಬರು ಪೂರ್ಣವಿರಾಮ.” ಇನ್ನೂ ಕಾದಳು. “ಜೂನ್ ತಿಂಗಳಿಗೆ ಮೂವತ್ತೊಂದು ದಿನ,” ಎಂದಳು ಸ್ಟೂಲಿನ ಕಡೆ ನೋಡುತ್ತಾ.

ಯಾರೂ ತಟ್ಟಲಿಲ್ಲ.